ಮಂಕು ಕಡೆ

ಟೋವಾ ಪಾಯೋ, ಸಿಂಗಪುರ
9 ಫೆಬ್ರವರಿ 2014

ಅವ್ವಾ,

ಫೋನಿನಲ್ಲಿ ನಾವಿಬ್ಬರೂ ಮೂರನೇ ನಿಮಿಷಕ್ಕೆ ಜಗಳ ತೆಗೆಯುತ್ತೇವೆ. ಹೋದ ಸಲ ಎರಡಕ್ಕೇ ತೆಗೆದೆವು. ಅದಕ್ಕೆ ಈ ಕಾಗದ. ಕಾಗದದಲ್ಲಿ ಬೈದರೆ ಉತ್ತರ ಬರುವಷ್ಟರಲ್ಲಿ ಇಬ್ಬರ ಸಿಟ್ಟೂ ಇಳಿದಿರುತ್ತದೆ.

ಇಲ್ಲಿ ನನ್ನ ಕೆಲಸ ಏನು ಅಂತ ನೀನು ಕೇಳಿದ್ದೆ. ನಾನು 'ಕಂಪ್ಯೂಟರ್ ಕೆಲಸ' ಅಂದು ಮುಗಿಸಿದ್ದೆ. ನಿಜ ಏನೆಂದರೆ, ಹಳೆಯ ಫೋಟೋಗಳನ್ನೂ ಗಾಜಿನ ನೆಗೆಟಿವ್‌ಗಳನ್ನೂ ಸ್ಕ್ಯಾನ್ ಮಾಡಿ, ಯಾರು, ಎಲ್ಲಿ, ಯಾವಾಗ ಅಂತ ಕೆಳಗೆ ಬರೆಯುವುದು. ನೀನು ಹಾಸನದ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಮೂವತ್ತು ವರ್ಷ ಕೂತು ಕಂಡವರ ಮುಖದ ಸಿಡುಬಿನ ಕಲೆ ಅಳಿಸಿದೆ. ಮಗಳು ಎ.ಸಿ.ಯಲ್ಲಿ ಕೂತು ಕಂಡವರ ಮುಖಕ್ಕೆ ಹೆಸರು ಬರೆಯುತ್ತಾಳೆ. ನಮ್ಮ ಮನೆತನದ ಪ್ರಗತಿ ಇಷ್ಟು.

ಈ ತಿಂಗಳು ನಮ್ಮ ಸಂಗ್ರಹಾಲಯಕ್ಕೆ ಹಾರ್ಗ್ರೀವ್ ಎಂಬ ಇಂಗ್ಲಿಷ್ ವ್ಯಾಪಾರಿಯ ಮನೆಯ ಪೆಟ್ಟಿಗೆ ಬಂದಿದೆ. ವಿಕ್ಟೋರಿಯಾ ರಾಣಿಯ ಕಾಲದ್ದು. ಒಳಗೆ ಬರೀ ಕಡಲು. ಅರ್ಧ ಅವರ ದೇಶದ ಕಡಲು, ಅರ್ಧ ಇಲ್ಲಿನದು. ಅವರ ದೇಶದಲ್ಲಿ ಹೆಂಗಸರು ನೀರಿಗಿಳಿಯುವುದನ್ನು ಯಾರೂ ನೋಡಬಾರದೆಂದು ಚಕ್ರದ ಮರದ ಗೂಡಿಗೆ ಕುದುರೆ ಕಟ್ಟಿ, ಗೂಡನ್ನೇ ನೀರಿನೊಳಕ್ಕೆ ಎಳೆದಿದ್ದಾರೆ. ಇಲ್ಲಿ ಶಾರ್ಕ್ ಬರದಂತೆ ಕಡಲಿನಲ್ಲಿ ಕಂಬ ನೆಟ್ಟು ಬೇಲಿ ಕಟ್ಟಿದ್ದಾರೆ. ಆ ಬೇಲಿಯೊಳಗೆ ಮೀಸೆಯ ದೊರೆಗಳು ಪಟ್ಟೆಪಟ್ಟೆ ಬನಿಯನ್ನು ಹಾಕಿಕೊಂಡು ಎಮ್ಮೆಗಳ ಹಾಗೆ ಬಿದ್ದಿದ್ದಾರೆ.

ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ಪೆಟ್ಟಿಗೆ ತೆಗೆದವಳು ನಾನು. ಆಗಲಿಲ್ಲ. ಒಬ್ಬ ದಪ್ಪ ಹೆಂಗಸಿನ ಲಂಗ ಮೊಣಕಾಲಿನವರೆಗೆ ನೆನೆದು ಹೋಗಿದೆ, ಅವಳು ಬಾಯಿ ಬಿಟ್ಟು ನಗುತ್ತಿದ್ದಾಳೆ, ಮುಂದಿನ ಹಲ್ಲೊಂದು ಇಲ್ಲ. ದೇಶಗಳನ್ನು ದೋಚಿದವರ ಮನೆಯ ಹೆಂಗಸೂ ಒದ್ದೆಯಾದಾಗ ನಮ್ಮ ಕೇರಿಯ ಹುಡುಗಿಯರ ಹಾಗೇ ನಗುತ್ತಾಳೆ. ಇದನ್ನು ಅಪ್ಪ ಇದ್ದಿದ್ದರೆ ಸಂಘದ ಸಭೆಯಲ್ಲಿ ಹೇಳಲು ಬಿಡುತ್ತಿರಲಿಲ್ಲ.

ಈಗ ಮುಖ್ಯ ವಿಷಯ. ಮೂವತ್ತೊಂದನೇ ಗಾಜು. ಲಕೋಟೆಯ ಮೇಲೆ 'ಪಾಸಿರ್ ಪಂಜಾಂಗ್, 1892' ಎಂದಿದೆ. ಅದರ ಪ್ರಿಂಟ್ ಇದರೊಂದಿಗೆ ಇಟ್ಟಿದ್ದೇನೆ. ಮರಳಿನ ಮೇಲೆ ಬೆತ್ತದ ಕುರ್ಚಿಗಳು, ಕೋಟು ಹಾಕಿದ ಇಬ್ಬರು ಗಂಡಸರು, ಗಾಳಿಗೆ ಟೋಪಿ ಹಿಡಿದುಕೊಂಡ ಒಬ್ಬ ದೊರೆಸಾನಿ. ಬಲತುದಿಯಲ್ಲಿ, ಪಾದ ಮುಳುಗುವಷ್ಟು ನೀರಿನಲ್ಲಿ, ಸೀರೆ ಎತ್ತಿ ಕಟ್ಟಿದ ಕಪ್ಪು ಹೆಂಗಸು. ಸೊಂಟದಲ್ಲಿ ಬಿಳಿ ಮಗು. ಬಗ್ಗಿ ಮಗುವಿನ ಕಾಲಿನ ಹೆಬ್ಬೆರಳಿಗೆ ಅಲೆ ತಾಗಿಸುತ್ತಿದ್ದಾಳೆ. ಅವಳ ಸೆರಗು ನೋಡು ಅವ್ವಾ. ಬಲಹೆಗಲಿನ ಮೇಲಿದೆ. ನಮ್ಮ ಕಡೆಯ ಹಳಬರು, ಅಜ್ಜಿ ಉಡುತ್ತಿದ್ದ ಹಾಗೆ.

ಅಜ್ಜಿ ಸತ್ತಾಗ ನನಗೆ ಆರು ವರ್ಷ. ಮುಖ ನೆನಪಿಲ್ಲ. ಬಲಹೆಗಲಿನ ಆ ಗಂಟು ನೆನಪಿದೆ, ಅದರಲ್ಲಿ ನನಗೆ ಹುರಿಗಡಲೆ ಕಟ್ಟಿಕೊಂಡು ಬರುತ್ತಿದ್ದಳು. ಒಂದು ಫೋಟೋ ಇದ್ದರೆ ಕೊಡು ಅಂತ ಎಷ್ಟು ಸಲ ಕೇಳಿದ್ದೇನೆ. ಸ್ಟುಡಿಯೋದಲ್ಲಿ ದುಡಿದವಳ ತಾಯಿಗೆ ಒಂದೂ ಫೋಟೋ ಇಲ್ಲ ಅಂದರೆ ಯಾರು ನಂಬುತ್ತಾರೆ. ನೀನು ಪ್ರತಿ ಸಲ ಸಾರಿಗೆ ಒಗ್ಗರಣೆ ಹಾಕಲು ಎದ್ದು ಹೋದೆ.

ಆ ಸೆರಗನ್ನು ನಂಬಿ ಫೋಟೋದ ವಿವರಣೆಯಲ್ಲಿ 'ಕನ್ನಡ ನಾಡಿನ ಹೆಂಗಸು' ಎಂದು ಬರೆದಿದ್ದೇನೆ. ಆಗಸ್ಟಿನಲ್ಲಿ ಪ್ರದರ್ಶನ. ನೋಡಿ ಹೇಗಿದೆ ಬರೆ.

ನಿನ್ನ ಮಗಳು,
ರೇಣುಕಾ

⁂

ಹಾಸನ
2 ಮಾರ್ಚ್ 2014

ರೇಣು,

ಕಾಗದ ಬಂತು. ಓದಿ ನಕ್ಕೆ. ನಾವು ಊರ ಕೆರೆಗೆ ಕಾಲಿಟ್ಟರೆ ನೀರು ಕೆಟ್ಟಿತು ಅನ್ನುತ್ತಿದ್ದರು. ಇವರು ಗೂಡಿನ ಸಮೇತ ಕಡಲಿಗೆ ಇಳಿದರೂ ಕಡಲು ಕೆಡಲಿಲ್ಲ ನೋಡು.

ಫೋಟೋ ಚೆನ್ನಾಗಿದೆ. ಆ ಹೆಂಗಸಿನ ಕೈ ಗಟ್ಟಿ ಇದೆ, ಮಗುವಿಗೆ ಭಯವಿಲ್ಲ. ಬಹಳ ಹೊತ್ತು ನೋಡಿದೆ.

ಒಂದು ಮಾತು. ಸೆರಗು ಆಮೇಲೆ ನೋಡು. ಮೊದಲು ಆ ಇಬ್ಬರು ಗಂಡಸರ ಕೋಟಿನ ಎದೆಜೇಬು ನೋಡು.

ಇನ್ನೊಂದು. ನಮ್ಮೂರ ಮೇಲಿನಮನೆಯ ಮಗ ರಘುನಾಥ ಅಲ್ಲೇ ಇದ್ದಾನೆ, ಹಡಗಿನ ಕಂಪನಿಯಲ್ಲಿ ದೊಡ್ಡ ಕೆಲಸ ಅಂತ ಕೇಳಿದೆ. ಊರಿನವರು ಅಂತ ಹುಡುಕಿಕೊಂಡು ಹೋಗಬೇಡ. ಯಾಕೆ ಅಂತ ಕೇಳಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು.

ಅವ್ವ,
ಸರಳಾ

⁂

ಟೋವಾ ಪಾಯೋ
20 ಏಪ್ರಿಲ್ 2014

ಅವ್ವಾ,

ನೀನು ಬೇಡ ಅಂದೆ, ನಾನು ಹೋದೆ. ಬೈಯುವುದಾದರೆ ಪೂರ್ತಿ ಓದಿ ಬೈ.

ನಾನಾಗಿ ಹುಡುಕಿಕೊಂಡು ಹೋಗಲಿಲ್ಲ. ಇಲ್ಲಿ ಒಂದು ಕನ್ನಡ ಬಳಗ ಇದೆ, ರಘುನಾಥ್ ಅದರ ಕಾರ್ಯದರ್ಶಿ. ಲಿಟಲ್ ಇಂಡಿಯಾದಲ್ಲಿ ಕರಿಬೇವು ಕೊಳ್ಳುತ್ತಿದ್ದಾಗ ಬಳಗದ ಒಬ್ಬರು ಸಿಕ್ಕರು, ಕೆಲಸದ ಮಾತು ಬಂತು, ಫೋನಿನಲ್ಲಿದ್ದ ಮೂವತ್ತೊಂದನೇ ಫೋಟೋ ತೋರಿಸಿದೆ. ಮರುದಿನವೇ ರಘುನಾಥ್ ಅವರ ಕಾಂಡೋಗೆ, ಇಲ್ಲಿನ ಶ್ರೀಮಂತರ ಫ್ಲಾಟಿಗೆ, ಕರೆ ಬಂತು. ನಾನು ಯಾರ ಮಗಳು ಅಂತ ಅವರಿಗೆ ಗೊತ್ತಿಲ್ಲ. ಹಾಸನದವಳು ಅಂತ ಮಾತ್ರ ಗೊತ್ತು.

ಅವರು ಫೋಟೋ ಹಿಡಿದುಕೊಂಡು ಕುಣಿಯುವುದೊಂದು ಬಾಕಿ. "ರೇಣುಕಾ, ಇದು ಸಾಮಾನ್ಯ ವಿಷ್ಯ ಅಲ್ಲ. ಎಲ್ಲಾ ನಮ್ಮನ್ನ ನಿನ್ನೆ ಮೊನ್ನೆ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದೋರು ಅಂತಾರೆ. ನೂರಿಪ್ಪತ್ತು ವರ್ಷದಿಂದ ಇಲ್ಲೇ ಇದೀವಿ ಅಂತ ಪ್ರೂವ್ ಆಯ್ತು. ಸಿಂಗಪುರದ ಮೊದಲ ಕನ್ನಡತಿ. ಬಳಗದ ಸೊವನೀರ್ ಸಂಚಿಕೆ ಕವರ್‌ಗೆ ಇದೇ."

ಅವರ ಹೆಂಡತಿ ವರ್ಷಾ: "ಆದ್ರೆ ಆಯಾ ಅಂತ ಹಾಕ್ಬೇಡಿ ಪ್ಲೀಸ್. ಒಂಥರಾ ಇರತ್ತೆ. ಗವರ್ನೆಸ್ ಅನ್ನಿ."

ಬದರಿನಾಥ್ ಅಂಕಲ್ ಅಂತ ಬಳಗದ ಹಿರಿಯರೊಬ್ಬರು ಕನ್ನಡಕ ಏರಿಸಿ ನೋಡಿದರು. "ಯಾವ ಜನ ಇರ್ಬಹುದಮ್ಮ ಇವ್ಳು?"

"ನೀರಿಗಿಳಿಯೋ ಜನ ಅಂಕಲ್," ಅಂದೆ. ಅವರಿಗೆ ಅರ್ಥ ಆಗಲಿಲ್ಲ. ನನಗೆ ಸಂತೋಷ ಆಯಿತು.

ಹಾಲಿನ ಗೋಡೆಯ ಮೇಲೆ ಮೇಲಿನಮನೆಯ ಹಳೆಯ ಮದುವೆ ಫೋಟೋ ಇದೆ, ನಿಮ್ಮ ಸ್ಟುಡಿಯೋದ ಮುದ್ರೆ ಇರುವುದು. ಇಡೀ ವಂಶ ಸಾಲಾಗಿ ನಿಂತಿದೆ. ಮೂಲೆಯಲ್ಲಿ ಒಂದು ವರ್ಷದ ರಘುನಾಥ್, ಎತ್ತರದ ಬೆನ್ನಿನ ಕೆತ್ತನೆಯ ಕುರ್ಚಿಯ ಮೇಲೆ ಒಬ್ಬನೇ. "ಫುಲ್ ರಾಜ," ಅಂದರು. "ಆ ಕುರ್ಚಿ ಊರಿನ ಮನೇಲಿ ಅಟ್ಟ ಎಲ್ಲಾ ಹುಡುಕ್ಸಿದೆ, ಸಿಗ್ಲಿಲ್ಲ. ಯಾರೋ ಆಳುಗಳು ಮಾರ್ಕೊಂಡಿರ್ಬೇಕು." ಇಂಥ ಮಾತಿಗೆ ನಾನು ಸಾಮಾನ್ಯವಾಗಿ ಎದ್ದು ಬರುತ್ತೇನೆ. ಅವತ್ತು ಎದ್ದು ಬರಲಿಲ್ಲ, ಪಾಯಸ ತಿಂದೆ. ಮೊದಲ ಕನ್ನಡತಿಯನ್ನು ಕಂಡುಹಿಡಿದವಳು ಅಂತ ಹತ್ತು ಜನ ಹೊಗಳುತ್ತಿದ್ದರು. ಹೊಗಳಿಕೆ ಇಷ್ಟು ರುಚಿ ಅಂತ ಗೊತ್ತಿರಲಿಲ್ಲ.

ಹೋದ ಭಾನುವಾರ ಬಳಗದ ಪಿಕ್ನಿಕ್, ಈಸ್ಟ್ ಕೋಸ್ಟ್ ಬೀಚಿನಲ್ಲಿ. ನಾನು ಫೋಟೋ ತಜ್ಞೆಯಲ್ಲವೇ, ಗ್ರೂಪ್ ಫೋಟೋ ನನ್ನದೇ. ರಘುನಾಥ್ ಮಗಳು ವರ್ಣಿಕಾ, ಐದು ವರ್ಷ, ನೀರು ಬಿಟ್ಟು ಬರಲೊಲ್ಲಳು. "ಐ ಆಲ್ರೆಡಿ ವೆಟ್ ಲಾ, ಲೆಟ್ ಮಿ ಬಿ," ಅಂತ ಇಲ್ಲಿನವರ 'ಲಾ' ಸೇರಿಸಿದ ಇಂಗ್ಲಿಷಿನಲ್ಲಿ ಹಠ. ಅವಳ ಭುಜ ಹಿಡಿದುಕೊಂಡು ಯಾತಿ ನಿಂತಿದ್ದಳು. ಯಾತಿ ಅವರ ಮನೆಗೆಲಸಕ್ಕೆ ಜಾವಾದಿಂದ ಬಂದವಳು. "ಮ್ಯಾಮ್, ನನಗೂ ಒಂದು ಕಾಪಿ ಕಳಿಸಿ, ಊರಲ್ಲಿ ನನ್ನ ಮಗಳಿಗೆ ತೋರಿಸಬೇಕು," ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಆಮೇಲೆ ರಘುನಾಥ್ ಮೆಲ್ಲಗೆ ಹೇಳಿದರು: "ರೇಣುಕಾ, ಆ ಕಡೆ ಸ್ವಲ್ಪ ಕ್ಲೀನ್ ಮಾಡ್ಬಿಡಿ. ಫ್ಯಾಮಿಲೀಸ್ ಮಾತ್ರ ಇರ್ಲಿ." ಕತ್ತರಿಸಿದೆ. ಮಗುವಿನ ಭುಜದ ಮೇಲೆ ಐದು ಬೆರಳು ಉಳಿದವು. ಈಗ ಫೋನಿನಲ್ಲೇ ಬೆರಳು ಸವರಿದರೆ ಸಾಕು ಅವ್ವಾ, ತಾನಾಗಿ ಮರಳು ತುಂಬಿಕೊಳ್ಳುತ್ತದೆ. ನಿನ್ನ ಬ್ಲೇಡು, ಪೆನ್ಸಿಲ್ಲು ಯಾವುದೂ ಬೇಡ. ಯಾತಿಗೆ ಇನ್ನೂ ಕಳಿಸಿಲ್ಲ. ಅವಳೇ ಇಲ್ಲದ ಫೋಟೋ ಏನಂತ ಕಳಿಸಲಿ.

ಕೋಟಿನ ಜೇಬು ನೋಡಲು ಪುರುಸೊತ್ತಾಗಿಲ್ಲ.

ರೇಣುಕಾ

⁂

ಟೋವಾ ಪಾಯೋ
15 ಜೂನ್ 2014

ಅವ್ವಾ,

ಎರಡು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಫೋನ್ ಮಾಡಿದರೆ "ಆರಾಮಿದೀನಿ" ಅಂತ ಇಡುತ್ತೀಯ. ಕಾಗದ ಸಿಕ್ಕಿತಾ ಅಂದರೆ "ಸಿಕ್ತು." ಅಷ್ಟೇ.

ಜೇಬು ನೋಡಿದೆ.

ಕೋಟಿನ ಎದೆಜೇಬು ಎಡಕ್ಕಿರಬೇಕು. ಇಬ್ಬರಿಗೂ ಬಲಕ್ಕಿದೆ. ಗುಂಡಿಗಳೂ ತಿರುಗುಮುರುಗು. ಇಬ್ಬರು ದೊರೆಗಳಿಗೂ ಒಬ್ಬನೇ ದರ್ಜಿ ಒಂದೇ ತಪ್ಪು ಮಾಡಿರುವುದಿಲ್ಲ. ಗಾಜನ್ನು ನಾನೇ ಮಗುಚಿ ಹಾಕಿ ಸ್ಕ್ಯಾನ್ ಮಾಡಿದ್ದೇನೆ. ಫೋಟೋ ಪೂರ್ತಿ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದೆ. ಸೆರಗು ಎಡಹೆಗಲಿನದು. ಎಡಹೆಗಲ ಸೆರಗು ಯಾವ ಊರನ್ನೂ ಹೇಳುವುದಿಲ್ಲ. ಅವಳು ತಮಿಳರವಳಿರಬಹುದು, ತೆಲುಗರವಳಿರಬಹುದು, ಎಲ್ಲಿಯವಳೂ ಇರಬಹುದು.

ನೀನು ಮಾರ್ಚಿನಲ್ಲೇ ಹೇಳಿದ್ದೆ. ನನಗೆ ಕೇಳಿಸಿಕೊಳ್ಳಲು ಇಷ್ಟವಿರಲಿಲ್ಲ.

ನಿನ್ನೆ ಬಸ್ಸು ಹಿಡಿದು ಪಾಸಿರ್ ಪಂಜಾಂಗ್‌ಗೆ ಹೋದೆ. ಆ ಹೆಸರಿಗೆ ಉದ್ದನೆಯ ಮರಳು ಅಂತ ಅರ್ಥ. ಮರಳು ಎಲ್ಲಿದೆ. ಕಡಲನ್ನು ಮಣ್ಣು ಹಾಕಿ ದೂರ ತಳ್ಳಿ ಅಲ್ಲಿ ಕಂಟೇನರುಗಳನ್ನು ಪೇರಿಸಿದ್ದಾರೆ, ಮೇಲೆ ಕ್ರೇನುಗಳು ಜಿರಾಫೆಗಳ ಹಾಗೆ ನಿಂತಿವೆ. ಅವಳು ಕಾಲಿಟ್ಟಿದ್ದ ನೀರಿನ ಜಾಗ ಈಗ ಯಾವುದೋ ರಸ್ತೆಯ ಡಾಂಬರಿನ ಕೆಳಗಿರಬೇಕು. ಪಾಳಿ ಮುಗಿಸಿ ಬಂದವರ ಜೊತೆ ಬಸ್ ಸ್ಟಾಪಿನಲ್ಲಿ ಕೂತೆ. ಅಳು ಬಂತು. ಯಾರಿಗಾಗಿ ಅಂತ ಗೊತ್ತಾಗಲಿಲ್ಲ.

ಈಗ ಕೇಳು. ಬಳಗದ ಸಂಚಿಕೆಯ ಮುಖಪುಟ ಅಚ್ಚಾಗಿದೆ. ನಮ್ಮ ಮೇಲಧಿಕಾರಿ ಮಿಸ್ ಲಿಮ್ ಪ್ರದರ್ಶನದ ವಿವರಣೆಗೆ ಸಹಿ ಹಾಕಿದ್ದಾಳೆ. ತಪ್ಪು ನನ್ನದು ಅಂದರೆ ಇಲ್ಲಿರಲು ಬೇಕಾದ ಕೆಲಸದ ಪಾಸು ನವೀಕರಿಸುವುದು ಅನುಮಾನ. ಬಾಯಿ ಮುಚ್ಚಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಈಗ ಅವಳು 'ಮೊದಲ ಕನ್ನಡತಿ.' ನಾನು ಬಾಯಿ ಬಿಟ್ಟರೆ ಮತ್ತೆ 'ಯಾರೋ ಆಯಾ' ಆಗುತ್ತಾಳೆ. ಸುಳ್ಳಾದರೂ ಒಂದು ಮಾನ ಸಿಕ್ಕಿದೆ, ಅದನ್ನು ನನ್ನ ಕೈಯಾರೆ ಕಿತ್ತುಕೊಳ್ಳಲಾ?

ಅವಳು ಅಜ್ಜಿ ಆಗಿರಲಿ ಅಂತ ನಾನು ಆಸೆಪಟ್ಟೆ. ತಪ್ಪು ಅಲ್ಲೇ ಆಯಿತು.

ಏನು ಮಾಡಲಿ, ಬರೆ.

ರೇಣುಕಾ

⁂

ಹಾಸನ
6 ಜುಲೈ 2014

ರೇಣು,

ಆ ಕುರ್ಚಿಯನ್ನು ಯಾರೂ ಮಾರಿಕೊಂಡಿಲ್ಲ. ಅಂಥ ಕುರ್ಚಿ ಮೇಲಿನಮನೆಯಲ್ಲಿ ಇರಲೇ ಇಲ್ಲ.

ನಿನ್ನ ಏಪ್ರಿಲ್ ಕಾಗದ ಓದಿದ ದಿನದಿಂದ ಇದನ್ನು ಬರೆಯಲು ಕೂರುತ್ತೇನೆ, ಏಳುತ್ತೇನೆ. ಇವತ್ತು ಬರೆದೇ ಏಳುತ್ತೇನೆ.

1980. ನನಗೆ ಇಪ್ಪತ್ತು. ಸ್ಟುಡಿಯೋ ಸೇರಿ ಒಂದು ವರ್ಷವಾಗಿತ್ತು. ಕೇರಿಯ ಹುಡುಗಿ ಅಂತ ಗೊತ್ತಿದ್ದೂ ಸ್ಟುಡಿಯೋದ ಮಾಲೀಕರು ಅಶ್ವತ್ಥನಾರಾಯಣರು ಕೆಲಸ ಕೊಟ್ಟಿದ್ದರು, ಆ ಋಣ ಇಲ್ಲ ಅನ್ನುವುದಿಲ್ಲ. ಅವರು ಮೊದಲ ದಿನ ಕಲಿಸಿದ ಪಾಠ: ಗಾಜಿನ ಮೂಲೆಗೆ ನಾಲಿಗೆ ತಾಗಿಸು, ಅಂಟಿದರೆ ಅದು ಮಂಕು ಕಡೆ. ಚಿತ್ರ ಇರುವುದು ಅಲ್ಲಿ. ಹೊಳೆಯುವ ಕಡೆ ಬರೀ ಗಾಜು. ಯಂತ್ರ ಇಟ್ಟುಕೊಂಡ ನಿಮಗೆ ಯಾರೂ ಇದನ್ನು ಹೇಳಲಿಲ್ಲವೇ.

ಮೇಲಿನಮನೆಯ ಮದುವೆ ಫೋಟೋದ ನೆಗೆಟಿವ್ ನನ್ನ ಮೇಜಿಗೆ ಬಂತು. ನಮ್ಮವ್ವ ಆ ಮನೆಯಲ್ಲೇ ಮಗು ನೋಡಿಕೊಳ್ಳುತ್ತಿದ್ದಳು. ಕೆರೆ ಮುಟ್ಟಬಾರದ ಕೈಗೆ ಮಗು ಕೊಡಲು ಅವರಿಗೆ ಅಡ್ಡಿಯಿರಲಿಲ್ಲ. ಫೋಟೋ ತೆಗೆಯುವಾಗ ಮಗು ಯಾರ ಹತ್ತಿರವೂ ನಿಲ್ಲದೆ ಅತ್ತಿದೆ. ಕೊನೆಗೆ ಸಾಲಿನ ಮೂಲೆಯಲ್ಲಿ ನಮ್ಮವ್ವನನ್ನು ನೆಲಕ್ಕೆ ಕೂರಿಸಿ, ಅವಳ ತೊಡೆಯ ಮೇಲೆ ಮಗುವನ್ನು ಕೂರಿಸಿದ್ದಾರೆ. ನೆಗೆಟಿವ್‌ನಲ್ಲಿ ಕಪ್ಪು ಬೆಳ್ಳಗೆ ಕಾಣುತ್ತದೆಯಲ್ಲ. ನಮ್ಮವ್ವ ದೀಪದ ಹಾಗೆ ಕಂಡಳು.

ಮೇಲಿನಮನೆಯ ಯಜಮಾನರು ಹೇಳಿಕಳಿಸಿದ್ದರು, ಮೂಲೆ ಸ್ವಚ್ಛ ಮಾಡಿ ಅಂತ. ಸ್ವಚ್ಛ ಅನ್ನುವುದು ನಮ್ಮ ಕಸುಬಿನ ಮಾತು. ಆಳನ್ನು ತೆಗೆಯಿರಿ ಅಂತ ಅರ್ಥ. ಅಶ್ವತ್ಥನಾರಾಯಣರಿಗೆ ಅವಳು ಯಾರು ಅಂತ ಗೊತ್ತಿರಲಿಲ್ಲ. ನಾನು ಹೇಳಬಹುದಿತ್ತು, ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ ಅಂದುಕೊಂಡೆ. ಅವತ್ತು ಬೆಳಿಗ್ಗೆ 'ಕೆರೆಯ ನೀರು ಎಲ್ಲರದು' ಅಂತ ನಿನ್ನಪ್ಪನ ಜೊತೆ ಮೆರವಣಿಗೆಯಲ್ಲಿ ಕೂಗಿ ಬಂದಿದ್ದೆ. ಮಧ್ಯಾಹ್ನ ಬ್ಲೇಡು ಹಿಡಿದು ನಮ್ಮವ್ವನನ್ನು ಕೆರೆದೆ. ಮಗು ಗಾಳಿಯಲ್ಲಿ ಕೂರುವಂತಿಲ್ಲವಲ್ಲ. ಅದಕ್ಕೆ ಕುರ್ಚಿ ಬರೆದೆ. ಅವಳ ಮುಖ ಇದ್ದ ಜಾಗಕ್ಕೆ ಹೂವಿನ ಕೆತ್ತನೆ ಬಂತು. ಕೆಲಸ ಚೆನ್ನಾಗಿದೆ ಅಂತ ಹೊಗಳಿದರು. ಹೊಗಳಿಕೆಯ ರುಚಿ ನನಗೂ ಗೊತ್ತು ಕಣೇ.

ಅವಳದ್ದು ಬೇರೆ ಫೋಟೋ ಯಾರೂ ತೆಗೆದಿರಲಿಲ್ಲ. ಆಮೇಲೆ ತೆಗೆಸೋಣ ಅಂದರೆ ಅವಳು ಒಪ್ಪಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ. ಆ ಮದುವೆ ಫೋಟೋ ನಡುಮನೆಯಲ್ಲಿ ತೂಗುಹಾಕಿದ್ದರು. ಅದರ ಗಾಜು ಒರೆಸುವುದು ಅವಳದೇ ಕೆಲಸ. ಮೂರು ವರ್ಷ ದಿನಾ ಒರೆಸಿದಳು. ಅದನ್ನು ಯಾರು ತಿದ್ದಿದ್ದು ಅಂತ ಅವಳಿಗೆ ಗೊತ್ತಿತ್ತು. ಒಂದು ಮಾತು ಆಡಲಿಲ್ಲ. ಸಾಯುವವರೆಗೆ ನನಗೆ ಬಡಿಸಿ ಉಂಡಳು.

ನೀನು ಏನು ಮಾಡಲಿ ಅಂತ ಕೇಳಿದ್ದೀಯ. ಆ ಕಡಲಿನ ಹೆಂಗಸಿಗೆ ನೀನು ಕೊಟ್ಟಿರುವುದು ಮಾನ ಅಲ್ಲ, ಕುರ್ಚಿ. ಅವಳಿದ್ದ ಜಾಗದಲ್ಲಿ ನಮಗೆ ಬೇಕಾದದ್ದನ್ನು ಬರೆದು ಕೂರಿಸುವುದು. ನನ್ನದು ಬ್ಲೇಡಿನಲ್ಲಿ ಆಯಿತು, ನಿನ್ನದು ಪ್ರೀತಿಯಲ್ಲಿ ಆಗಿದೆ, ಅದೊಂದೇ ವ್ಯತ್ಯಾಸ. ಕೆಲಸ ಹೋದರೆ ಬಾ. ಇಲ್ಲಿ ಇಬ್ಬರಿಗೆ ಅನ್ನ ಇದೆ.

ಜಾವಾದ ಆ ಹೆಣ್ಣುಮಗಳ ಫೋಟೋ ಅವಳಿಗೆ ಕಳಿಸು.

ಸರಳಾ

⁂

ಟೋವಾ ಪಾಯೋ
3 ಆಗಸ್ಟ್ 2014

ಅವ್ವಾ,

ನಿನ್ನ ಕಾಗದ ಬಂದು ಮೂರು ವಾರ. ಮಾಡಿದ್ದನ್ನು ಬರೆಯುತ್ತೇನೆ.

ಮೊದಲು ಯಾತಿಗೆ ಫೋಟೋ ಕಳಿಸಿದೆ. ಕತ್ತರಿಸುವ ಮುಂಚಿನದು ಫೋನಿನಲ್ಲೇ ಇತ್ತು. ಅವಳು ಒಂದು ಹೃದಯದ ಚಿತ್ರ ಕಳಿಸಿದಳು. ನನಗೆ ನಾಚಿಕೆಯಾಯಿತು.

ಆಮೇಲೆ ಮಿಸ್ ಲಿಮ್ ಕೋಣೆಗೆ ಗಾಜು ತೆಗೆದುಕೊಂಡು ಹೋದೆ. ನಾನೇ ಮಗುಚಿ ಹಾಕಿದ್ದು, ಜೇಬು ನೋಡಿ ಅಂದೆ. ಅವಳು ನೋಡಿದಳು. "ಆಯ್ಯೋ, ರೆನೂಕಾ, ಪೋಸ್ಟರ್ ಆಲ್ರೆಡಿ ಪ್ರಿಂಟ್ ಲಾ," ಅಂತ ತಲೆ ಹಿಡಿದುಕೊಂಡಳು. ಹತ್ತು ನಿಮಿಷ ಬೈದಳು. ಎಚ್ಚರಿಕೆಯ ಪತ್ರ ಬಂದಿದೆ, ಪಾಸಿನ ವಿಷಯ ಡಿಸೆಂಬರಿನಲ್ಲಿ ನೋಡೋಣ ಅಂದಿದ್ದಾಳೆ. ಬೈದು ಮುಗಿಸಿ, ಈ ಗಾಜು ಮಗುಚಿದ್ದು ಹೇಗೆ ಗೊತ್ತಾಯಿತು ಅಂದಳು. ನಮ್ಮ ತಾಯಿ ಹಾಸನದಿಂದ ಕಂಡುಹಿಡಿದರು ಅಂದೆ. ಮಿಕ್ಕ ನಲವತ್ತು ಗಾಜುಗಳ ಅಂಚಿಗೂ ನಾಲಿಗೆ ತಾಗಿಸುವ ಶಿಕ್ಷೆ ನನಗೇ ಬಿತ್ತು. ಇನ್ನೂ ಎರಡು ತಿರುಗಾಮುರುಗಾ ಸಿಕ್ಕವು.

ವಿವರಣೆ ಹೊಸದಾಗಿ ಬರೆದೆ. ಇಲ್ಲಿನ ಪದ್ಧತಿ, ಫೋಟೋದಲ್ಲಿರುವವರನ್ನು ಎಡದಿಂದ ಬಲಕ್ಕೆ ಬರೆಯಬೇಕು. ಗಾಜನ್ನು ಸರಿಯಾಗಿ ಹಾಕಿದ ಮೇಲೆ ಬಲತುದಿಯ ಅವಳು ಎಡತುದಿಗೆ ಬಂದಳು. ಹಾಗಾಗಿ ಮೊದಲು ಅವಳೇ. 'ಎಡದಿಂದ: ಮಗುವನ್ನು ಅಲೆಗೆ ಹಿಡಿದಿರುವ ಹೆಂಗಸು, ಈ ಮನೆಯವರು ಇವರ ಹೆಸರನ್ನು ಬರೆದಿಟ್ಟಿಲ್ಲ. ಎಡಿತ್ ಹಾರ್ಗ್ರೀವ್, ಮಗು. ಶ್ರೀಮತಿ ಹಾರ್ಗ್ರೀವ್...' ಹೀಗೆ. ಮಿಸ್ ಲಿಮ್ 'ಬರೆದಿಟ್ಟಿಲ್ಲ' ಅನ್ನುವುದರ ಮೇಲೆ ಪೆನ್ನು ಆಡಿಸಿದಳು, 'ಹೆಸರು ತಿಳಿದಿಲ್ಲ' ಅಂದರೆ ಸಾಕಲ್ಲ ಅಂದಳು. ತಿಳಿದಿಲ್ಲ ಅಂದರೆ ಯಾರ ತಪ್ಪೂ ಇಲ್ಲದ ಹಾಗಾಗುತ್ತದೆ, ಬರೆದಿಟ್ಟಿಲ್ಲ ಅಂದರೆ ಯಾರೋ ಬರೆಯಬೇಕಿತ್ತು ಅಂತಾಗುತ್ತದೆ ಅಂದೆ. ಅದೇ ಪೆನ್ನಿನಲ್ಲಿ ಸಹಿ ಹಾಕಿದಳು.

ರಘುನಾಥ್ ಮನೆಯಲ್ಲಿ ಬಳಗ ಸೇರಿದಾಗ ಅಲ್ಲೂ ಹೇಳಿದೆ. ರಘುನಾಥ್ ಮೊದಲು, "ಕವರ್ ಪ್ರಿಂಟ್ ಆಗಿದೆ ರೇಣುಕಾ, ಯಾರಿಗ್ ಗೊತ್ತಾಗತ್ತೆ, ಬಿಡಿ," ಅಂದರು. ಬದರಿನಾಥ್ ಅಂಕಲ್, "ನಮ್ಮೋಳಲ್ಲ ಅಂದ್ಮೇಲೆ ನಮಗ್ಯಾಕಮ್ಮ ಅವ್ಳು," ಅಂದರು. ಮೂರು ತಿಂಗಳು ತಲೆಯ ಮೇಲೆ ಹೊತ್ತವರು ಮೂರು ನಿಮಿಷದಲ್ಲಿ ಇಳಿಸಿದರು. ಮುಖಪುಟಕ್ಕೆ ಈಗ ಯಾವುದೋ ಆರ್ಕಿಡ್ ಹೂವು.

ಉಳಿದವರು ಹೋಗುವವರೆಗೆ ಕಾದೆ. ಮದುವೆ ಫೋಟೋದ ಮುಂದೆ ನಿಂತು, "ಸರ್, ಇದು ಕುರ್ಚಿ ಅಲ್ಲ, ನಮ್ಮಜ್ಜಿ," ಅಂದೆ. ನೀನು ಬರೆದದ್ದೆಲ್ಲ ಹೇಳಿದೆ. ಧ್ವನಿ ಏರಿತ್ತು, ವರ್ಷಾ ಒಳಗಿನಿಂದ ಬಂದು ನಿಂತರು.

"ನಮ್ಮಪ್ಪ ಹಾಗೆಲ್ಲಾ ಮಾಡೋರಲ್ಲ," ಅಂದರು ರಘುನಾಥ್.

"ಮಾಡಿದ್ದು ನಮ್ಮವ್ವ ಸರ್. ಮಾಡ್ಸಿದ್ದು ನಿಮ್ಮಪ್ಪ."

ಹೊರಗೆ ಹೋಗು ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕುರ್ಚಿ ಎಳೆದು ಹತ್ತಿ ಫೋಟೋ ಇಳಿಸಿದರು. ಕಿಟಕಿಯ ಬೆಳಕಿಗೆ ಹಿಡಿದು, ಫೋನಿನಲ್ಲಿ ದೊಡ್ಡದು ಮಾಡಿ ನೋಡಿದರು. ಹೆಂಡತಿಯನ್ನು ಹತ್ತಿರ ಕರೆದು ಹೇಳಿದರು, "ವರ್ಷಾ, ಈ ಕುರ್ಚಿಗೆ ಮೂರೇ ಕಾಲು ಇದೆ ಕಣೆ."

ನಾನೂ ಬಗ್ಗಿ ನೋಡಿದೆ. ನಾಲ್ಕನೆಯ ಕಾಲು ಇರಬೇಕಾದ ಕಡೆ ಮನುಷ್ಯರ ಪಾದ. ಬರಿಗಾಲು, ಹೆಬ್ಬೆರಳು ನೆಲಕ್ಕೆ ಊರಿದೆ. ಮೂವತ್ನಾಲ್ಕು ವರ್ಷ ಆ ಮನೆಯವರು ಯಾರೂ ನೋಡಿರಲಿಲ್ಲ. ನೀನು ಇದನ್ನು ಬರೆದಿರಲಿಲ್ಲ.

ಅವರು ಹೆಸರು ಕೇಳಿದರು. ಹೇಳಿದೆ. ಅವರೂ ಹೇಳಿ ನೋಡಿದರು. ನಾನು ಹೊರಟು ಬಂದೆ.

ನಿನ್ನ ಮೇಲೆ ಸಿಟ್ಟು ಇದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಅದು ಇರುವಾಗಲೇ ನಿನ್ನನ್ನು ನೋಡಬೇಕು ಅನ್ನಿಸುತ್ತಿದೆ.

ರೇಣುಕಾ

⁂

ಹಾಸನ
22 ಆಗಸ್ಟ್ 2014

ರೇಣು,

ಪಾದ ನಾನೇ ಬಿಟ್ಟಿದ್ದು. ಬ್ಲೇಡು ಅಲ್ಲಿಗೆ ಬಂದಾಗ ಕೈ ನಿಂತಿತು.

ಒಂದನ್ನು ಮಾತ್ರ ಬರೆ. ರಘುನಾಥ ಹೆಸರು ಹೇಗೆ ಹೇಳಿದ? ಆ ಮನೆಯಲ್ಲಿ ನಮ್ಮವ್ವನನ್ನು ಹೊನ್ನಮ್ಮ ಅಂತ ಯಾರೂ ಕರೆದವರಲ್ಲ. ಮುದುಕರಿಂದ ಹಿಡಿದು ಹಲ್ಲು ಮೂಡಿದ ಕೂಸಿನವರೆಗೆ ಎಲ್ಲರಿಗೂ ಅವಳು ಹೊನ್ನಿ. ಈ ಕೂಸು ಬಾಯಿ ಬಿಟ್ಟು ಆಡಿದ ಮೊದಲ ಮಾತೇ 'ಒನ್ನಿ' ಅಂತ ಅವಳು ಬಂದು ಹೇಳಿಕೊಂಡಿದ್ದಳು. ನಾಲ್ಕು ವರ್ಷಕ್ಕೆ ಅವನನ್ನು ಬೆಂಗಳೂರಿನ ಶಾಲೆಗೆ ಕಳಿಸಿದರು, ಅವಳನ್ನು ಮನೆಗೆ ಕಳಿಸಿದರು.

ಹೊನ್ನಿ ಅಂದನೋ, ಹೊನ್ನಮ್ಮ ಅಂದನೋ.

ಸರಳಾ

⁂

ಟೋವಾ ಪಾಯೋ
7 ಸೆಪ್ಟೆಂಬರ್ 2014

ಅವ್ವಾ,

ಅದನ್ನು ಬೇಕೆಂದೇ ಬರೆದಿರಲಿಲ್ಲ. ನೀನು ಬಿಡುವವಳಲ್ಲ.

"ಹೆಸರು?" ಅಂದರು. "ಹೊನ್ನಮ್ಮ," ಅಂದೆ.

"ಹೊನ್ನಿ," ಅಂದರು ಅವರು.

"ಹೊನ್ನಮ್ಮ ಸರ್," ಅಂತ ಗಟ್ಟಿಯಾಗಿ ತಿದ್ದಿದೆ. ಅವರು ನನ್ನ ಕಡೆ ನೋಡಲಿಲ್ಲ. "ಹೊನ್ನಿ," ಅಂದರು ಮತ್ತೆ, ಈ ಸಲ ಮೆಲ್ಲಗೆ. ಆ ಮಾತು ತಮ್ಮ ಬಾಯಿಗೆ ಎಲ್ಲಿಂದ ಬಂತು ಅಂತ ಅವರಿಗೇ ತಿಳಿಯದ ಹಾಗೆ ತುಟಿ ಮುಟ್ಟಿಕೊಂಡರು. ಬೈಯಬೇಕೆಂದು ಬಾಯಿ ತೆರೆದವಳು ಮತ್ತೆ ತಿದ್ದದೆ ಬಿಟ್ಟೆ. ಅದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಅವರು ನೆಲದ ಮೇಲೆ ಕೂತು ಮಗಳನ್ನು ಕರೆದರು. "ವರ್ಣಿಕಾ, ಬಾ ಇಲ್ಲಿ. ಪಪ್ಪ ಚೇರ್ ಮೇಲೆ ಕೂತಿದೀನಿ ಅಂತ ಹೇಳಿದ್ನಲ್ಲ, ತಪ್ಪು ಹೇಳಿದ್ದೆ. ಇದು ಚೇರ್ ಅಲ್ಲ. ಇವರು ಹೊನ್ನಮ್ಮ. ಹೇಳು ನೋಡೋಣ."

"ಹೊನ್ನಮ್ಮ," ಅಂದಳು ಅವಳು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ಹುಡುಕಿದಳು. "ವೇರ್, ಪಪ್ಪಾ? ಐ ಸೀ ಓನ್ಲಿ ಒನ್ ಲೆಗ್ ಲಾ."

"ಹೂಂ ಪುಟ್ಟಾ," ಅಂದರು. "ಅಷ್ಟೇ ಉಳ್ಸಿರೋದು ನಾವು."

ಹೊನ್ನಮ್ಮನ ಮೊಮ್ಮಗಳು,
ರೇಣುಕಾ